ಯೂದ ಮೊದಲು ಮೇಜಿನ ಈಚೆಗಿದ್ದ: ಲಿಯೊನಾರ್ಡೊನ ಕರಡು ಚಿತ್ರಗಳನ್ನು ಓದುವುದು

(ಚಿತ್ರಕಲೆ ಕಲಿಯುವ ಹುಡುಗ ಹುಡುಗಿಯರ ಎದುರು ಆಡಿದ ಮಾತುಗಳಿವು. ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಲಿಯೊನಾರ್ಡೊ ದ ವಿಂಚಿಯ 'ಕೊನೆಯ ಭೋಜನ' ನೋಡದೇ ಇರುವವರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಕ್ಯಾಲೆಂಡರಿನಲ್ಲಿ ನೋಡಿರುತ್ತೀರಿ, ಕ್ರೈಸ್ತ ಗೆಳೆಯರ ಮನೆಯ ಊಟದ ಕೋಣೆಯಲ್ಲಿ ನೋಡಿರುತ್ತೀರಿ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ಲಿನ ಗೋಡೆಗಳಿಗೆ ಚಿತ್ರ ಬರೆದ ಇಟಲಿಯ ಆಂಟೋನಿಯೊ ಮೊಸ್ಕೇನಿ ಇದ್ದಾನಲ್ಲ, ಅವನು ಆಮೇಲೆ ಕೊಚ್ಚಿಯ ಸಾಂತಾ ಕ್ರೂಜ್ ಬೆಸಿಲಿಕಾಕ್ಕೆ ಹೋದ. ಅಲ್ಲೂ ಲಿಯೊನಾರ್ಡೊನ ಮಾದರಿಯಲ್ಲೇ ಒಂದು ಕೊನೆಯ ಭೋಜನ ಇದೆ. ಅಷ್ಟು ಸಲ ನಕಲಾಗಿರುವ ಚಿತ್ರ ಇದು. ಕಣ್ಣು ಮುಚ್ಚಿದರೂ ಬರುತ್ತದೆ: ಉದ್ದ ಮೇಜು, ನಡುವೆ ಕ್ರಿಸ್ತ, ಎರಡೂ ಕಡೆ ಮೂರು ಮೂರು ಶಿಷ್ಯರ ಎರಡೆರಡು ಗುಂಪು.

ಅದಕ್ಕೇ ಇವತ್ತು ಗೋಡೆಯ ಬಗ್ಗೆ ಕಡಿಮೆ ಮಾತಾಡುತ್ತೇನೆ, ಕಾಗದದ ಬಗ್ಗೆ ಜಾಸ್ತಿ.

ಗೋಡೆಯ ವಿಷಯ ಬೇಗ ಮುಗಿಸಿಬಿಡೋಣ. ಮಿಲಾನ್ ನಗರದಲ್ಲಿ ಸಾಂತಾ ಮರಿಯಾ ದೆಲ್ಲೆ ಗ್ರಾಜಿಯೆ ಎಂಬ ಡೊಮಿನಿಕನ್ ಮಠ. ಅಲ್ಲಿನ ಸನ್ಯಾಸಿಗಳ ಊಟದ ಮನೆ. ಚಿತ್ರ ಬರೆಸಿದವನು ಮಿಲಾನಿನ ದೊರೆ ಲುದೊವಿಕೊ ಸ್ಫೋರ್ಜಾ. ಕಾಲ ಸುಮಾರು 1495ರಿಂದ 1498. ಎತ್ತರ 4.6 ಮೀಟರ್, ಅಗಲ 8.8 ಮೀಟರ್. ಲಿಯೊನಾರ್ಡೊ ಹಸಿ ಗಾರೆಯ ಮೇಲೆ ಬರೆಯಲಿಲ್ಲ. ಹಸಿ ಗಾರೆ ಒಣಗುವುದರೊಳಗೆ ಆ ದಿನದ ಪಾಲು ಮುಗಿಸಬೇಕು. ಅವನಿಗೆ ಅದು ಒಗ್ಗುವ ಕೆಲಸವೇ ಅಲ್ಲ. ಮತ್ತೆಯೊ ಬಂದೆಲ್ಲೊ ಎಂಬ ಕಥೆಗಾರ ಹುಡುಗನಾಗಿದ್ದಾಗ ಆ ಮಠದಲ್ಲಿ ಕಣ್ಣಾರೆ ಕಂಡದ್ದನ್ನು ಬರೆದಿಟ್ಟಿದ್ದಾನೆ. ಕೆಲವು ದಿನ ಲಿಯೊನಾರ್ಡೊ ಬೆಳಗ್ಗೆಯಿಂದ ಕತ್ತಲಾಗುವ ತನಕ ಅನ್ನ ನೀರಿಲ್ಲದೆ ಬರೆಯುತ್ತಿದ್ದನಂತೆ. ಇನ್ನು ಕೆಲವು ದಿನ ಕುಂಚ ಮುಟ್ಟದೆ ಸುಮ್ನೆ ನಿಂತು ನೋಡುತ್ತಿದ್ದನಂತೆ. ಒಂದೊಂದು ಸಲ ಮಟಮಟ ಮಧ್ಯಾಹ್ನ ಬಂದು, ಒಂದೆರಡು ಗೆರೆ ಹಾಕಿ, ಹೊರಟೇ ಹೋಗುತ್ತಿದ್ದನಂತೆ. ಇಂಥವನು ಒಣ ಗೋಡೆಯ ಮೇಲೆ ಟೆಂಪೆರಾ (ಮೊಟ್ಟೆಯಂಥ ಅಂಟಿನಲ್ಲಿ ಕಲಸಿದ ಬಣ್ಣ) ಮತ್ತು ಎಣ್ಣೆ ಬೆರೆಸಿ ಬರೆದ. ಬೇಕಾದಷ್ಟು ಸಲ ತಿದ್ದಬಹುದಲ್ಲ! ಆದರೆ ಬಣ್ಣ ಗೋಡೆಗೆ ಸರಿಯಾಗಿ ಹಿಡಿಯಲಿಲ್ಲ. 1517ರಲ್ಲಿ ನೋಡಿದವರೇ ಚಿತ್ರ ಹಾಳಾಗುತ್ತಿದೆ ಎಂದು ಬರೆದರು. 1652ರಲ್ಲಿ ಗೋಡೆಗೆ ಬಾಗಿಲು ಕೊರೆದು ಕ್ರಿಸ್ತನ ಪಾದಗಳನ್ನೇ ಕಿತ್ತುಹಾಕಿದರು. 1943ರ ಆಗಸ್ಟಿನಲ್ಲಿ ಬಾಂಬು ಬಿದ್ದು ಊಟದ ಮನೆಯ ಛಾವಣಿ ಹೋಯಿತು, ಮರಳಿನ ಮೂಟೆಗಳ ಹಿಂದೆ ಈ ಗೋಡೆ ಹೇಗೋ ಉಳಿಯಿತು. ನಡುನಡುವೆ ಬಂದ ರಿಪೇರಿಯವರೆಲ್ಲ ತಮ್ಮ ತಮ್ಮ ಬಣ್ಣ ಮೆತ್ತಿದರು. ಪಿನಿನ್ ಬ್ರಂಬಿಲ್ಲಾ ಬಾರ್ಚಿಲೊನ್ ಎಂಬ ಮಹಿಳೆ 20 ವರ್ಷ ಕೂತು ಆ ಮೇಲುಬಣ್ಣಗಳನ್ನು ತೆಗೆದರು. 1999ರಲ್ಲಿ ಆ ಕೆಲಸ ಮುಗಿದಾಗ ಕೆಳಗೆ ಸಿಕ್ಕಿದ್ದು ಲಿಯೊನಾರ್ಡೊನ ಕೈಯ ತುಣುಕುಗಳು ಮಾತ್ರ.

ಅಂದರೆ ಈ ಶಿಷ್ಯರ ಮುಖಗಳಲ್ಲಿ ಲಿಯೊನಾರ್ಡೊನ ಗೆರೆ ಕೆಡದೆ ಕಾಣಬೇಕಾದರೆ ಕಾಗದವೇ ಗತಿ. ಅವನು 1519ರಲ್ಲಿ ತೀರಿಕೊಂಡಾಗ ಕಾಗದಗಳೆಲ್ಲ ಶಿಷ್ಯ ಫ್ರಾಂಚೆಸ್ಕೊ ಮೆಲ್ಜಿಗೆ ಹೋದವು. ಅವನ ನಂತರ ಶಿಲ್ಪಿ ಪೊಂಪೆಯೊ ಲಿಯೋನಿ ಕೈಗೆ ಬಂದವು. ಸುತ್ತಿ ಬಳಸಿ ಅದರಲ್ಲಿ ದೊಡ್ಡದೊಂದು ಕಟ್ಟು 17ನೇ ಶತಮಾನದಲ್ಲಿ ಇಂಗ್ಲೆಂಡಿನ ಅರಮನೆ ಸೇರಿತು. ಇವತ್ತು ವಿಂಡ್ಸರ್ ಕೋಟೆಯಲ್ಲಿ 550ರಷ್ಟು ಹಾಳೆಗಳಿವೆ. ಅದರಲ್ಲಿ ಕೊನೆಯ ಭೋಜನಕ್ಕೆ ಸೇರಿದ್ದು ಬೆರಳೆಣಿಕೆಯಷ್ಟು. ಗೋಡೆಗೆ ದಾಟಿಸಲು ಬಳಸುವ ಪೂರ್ಣ ಅಳತೆಯ ಕಾರ್ಟೂನ್ ಒಂದೂ ಉಳಿದಿಲ್ಲ. ಹಾಗಾಗಿ ನಮ್ಮ ಹತ್ತಿರ ಇರುವುದು ಪೂರ್ತಿ ಕಥೆಯಲ್ಲ, ಹರಿದ ಪುಸ್ತಕದ ಕೆಲವು ಪುಟ.

ಮೊದಲ ಹಾಳೆ ನೋಡಿ. ವಿಂಡ್ಸರಿನದು, ಪೆನ್ನು ಮತ್ತು ಇಂಕಿನದು. ನೋಟ್‌ಬುಕ್ಕಿನ ಪುಟದಷ್ಟೇ ದೊಡ್ಡದು. ಅರ್ಧ ಜಾಗದಲ್ಲಿ ಜ್ಯಾಮಿತಿಯ ಆಕೃತಿಗಳು, ಲೆಕ್ಕಗಳು. ಪಕ್ಕದಲ್ಲಿ ಪುಟ್ಟದಾಗಿ ಎರಡು ಗೀಚುಚಿತ್ರ. ಎಡಗಡೆಯದರಲ್ಲಿ ಮೇಜಿನ ಹಿಂದೆ ಒಂದಷ್ಟು ಜನ. ಮುಖ ಅಂದರೆ ಒಂದು ಸುತ್ತು, ಕೈ ಅಂದರೆ ಒಂದು ಕೊಕ್ಕೆ, ಅಷ್ಟೇ. ಬಲಗಡೆಯದರಲ್ಲಿ ನಾಲ್ಕೇ ಜನ, ಸ್ವಲ್ಪ ದೊಡ್ಡದಾಗಿ. ನಡುವೆ ಕ್ರಿಸ್ತ. ಶಿಷ್ಯ ಯೋಹಾನ ಮೇಜಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದಾನೆ. ಯೂದ ಇದ್ದಾನಲ್ಲ, ಕ್ರಿಸ್ತನನ್ನು ಶತ್ರುಗಳಿಗೆ ಹಿಡಿದುಕೊಡುವ ಶಿಷ್ಯ, ಅವನು ಮೇಜಿನ ಈಚೆ ಬದಿಯಲ್ಲಿ, ನಮಗೆ ಬೆನ್ನು ಕೊಟ್ಟು, ಸ್ಟೂಲಿನಿಂದ ಎದ್ದು ಕೈ ಚಾಚಿದ್ದಾನೆ.

ಇಲ್ಲಿ ನಿಲ್ಲೋಣ. ಯಾಕೆಂದರೆ ಗೋಡೆಯ ಮೇಲೆ ಯೂದ ಈಚೆ ಬದಿಯಲ್ಲಿಲ್ಲ.

ನಮ್ಮ ಪಂಕ್ತಿ ಊಟ ನೆನಪಿಸಿಕೊಳ್ಳಿ. ಎಲೆಯ ಒಂದು ಕಡೆ ಉಣ್ಣುವವರು, ಇನ್ನೊಂದು ಕಡೆ ಬಡಿಸುವವರು ಓಡಾಡುವ ಜಾಗ. ಆ ಬಡಿಸುವ ಜಾಗದಲ್ಲಿ ಒಬ್ಬನನ್ನೇ ಕೂರಿಸಿ ಎಲೆ ಹಾಕಿದರೆ ಹೇಗಿರುತ್ತೆ? ನೋಡಿದವರಿಗೆಲ್ಲ ಅವನೇ ಕಣ್ಣಿಗೆ ಬೀಳುತ್ತಾನೆ. ಫ್ಲಾರೆನ್ಸಿನ ಚಿತ್ರಕಾರರು ಮಠಗಳ ಊಟದ ಮನೆಯಲ್ಲಿ ಯೂದನನ್ನು ಕೂರಿಸುತ್ತಿದ್ದುದೇ ಹಾಗೆ. ಸಾಂತ ಅಪೊಲ್ಲೊನಿಯಾದಲ್ಲಿ ಆಂದ್ರೆಯಾ ದೆಲ್ ಕಸ್ತಾನ್ಯೊ 1447ರಲ್ಲಿ ಹಾಗೇ ಬರೆದ. ಒನ್ಯಿಸ್ಸಾಂತಿಯಲ್ಲಿ ಗಿರ್ಲಾಂದಾಯೊ 1480ರಲ್ಲಿ ಹಾಗೇ ಬರೆದ. ಎರಡರಲ್ಲೂ ಯೂದ ಒಬ್ಬನೇ ಈಚೆಗೆ, ಯೋಹಾನ ಕ್ರಿಸ್ತನ ಪಕ್ಕದಲ್ಲಿ ಒರಗಿ ನಿದ್ದೆ. ಲಿಯೊನಾರ್ಡೊ ಬೆಳೆದದ್ದೂ ಫ್ಲಾರೆನ್ಸಿನಲ್ಲೇ. ಮಿಲಾನಿನಲ್ಲಿ ಪೆನ್ನು ಹಿಡಿದಾಗ ಮೊದಲು ಕೈಗೆ ಬಂದದ್ದು ಊರಿನ ರೂಢಿ. ಅಂಥ ಪ್ರತಿಭಾವಂತನ ತಲೆಗೂ ಹೊಸದು ಮೊದಲೇ ಹೊಳೆದುಬಿಡುವುದಿಲ್ಲ ಎಂದು ಈ ಹಾಳೆ ನೋಡಿದಾಗ ನನಗೆ ಸಮಾಧಾನ. ನಿಮಗೂ ಆಗಬೇಕು.

ಈಗ ಗೋಡೆಗೆ ಬನ್ನಿ. ಯೂದನನ್ನು ಎತ್ತಿ ಆಚೆ ಬದಿಯಲ್ಲಿ, ಪೇತ್ರ ಮತ್ತು ಯೋಹಾನರ ಗುಂಪಿನಲ್ಲೇ ಕೂರಿಸಿದ್ದಾನೆ. ಆಗ ಏನಾಯಿತು? ಈಚೆಗಿದ್ದಾಗ ಅಪರಾಧಿ ಯಾರೆಂದು ನಾವು ಹುಡುಕಬೇಕಾಗಿರಲಿಲ್ಲ. ಆಚೆ ಹೋದ ಮೇಲೆ ಹುಡುಕಬೇಕು. ‘ನಿಮ್ಮಲ್ಲಿ ಒಬ್ಬನು ನನ್ನನ್ನು ಹಿಡಿದುಕೊಡುವನು’ ಎಂಬ ಮಾತು ಕೇಳಿದ ಹನ್ನೆರಡೂ ಜನ ‘ನಾನಾ? ನಾನಲ್ಲ ತಾನೇ?’ ಎಂದು ತಳಮಳಿಸುತ್ತಿದ್ದಾರೆ. ನಾವೂ ಒಂದೊಂದೇ ಮುಖ ನೋಡುತ್ತಾ ಹೋಗುತ್ತೇವೆ. ಕೊನೆಗೆ ಹಿಂದಕ್ಕೆ ಸರಿದು ನೆರಳಿನಲ್ಲಿ ಕೂತಿರುವ, ಬಲಗೈಯಲ್ಲಿ ಹಣದ ಚೀಲ ಹಿಡಿದ ಒಬ್ಬ ಸಿಗುತ್ತಾನೆ. ಅವನ ಎಡಗೈ ನೋಡಿ. ಒಂದು ಬಟ್ಟಲಿನ ಕಡೆ ಹೋಗುತ್ತಿದೆ. ಆ ಕಡೆಯಿಂದ ಕ್ರಿಸ್ತನ ಬಲಗೈ ಕೂಡ ಅದೇ ಬಟ್ಟಲಿನ ಕಡೆ ಬರುತ್ತಿದೆ. ವಿಂಡ್ಸರಿನ ಹಾಳೆಯಲ್ಲಿ ಸ್ಟೂಲಿನಿಂದ ಎದ್ದು ಚಾಚಿದ ಕೈ ಇತ್ತಲ್ಲ, ಅದು ಕಳೆದುಹೋಗಿಲ್ಲ. ಮೇಜು ದಾಟಿ, ದನಿ ತಗ್ಗಿಸಿಕೊಂಡು ಗೋಡೆಗೆ ಬಂದಿದೆ. ಕರಡು ನೋಡದೇ ಇದ್ದರೆ ಆ ಎರಡು ಕೈಗಳ ಸಂಬಂಧ ನಮಗೆ ಅಷ್ಟು ಬೇಗ ಹೊಳೆಯುವುದಿಲ್ಲ.

ಯೋಹಾನನೂ ಎದ್ದು ಕೂತಿದ್ದಾನೆ. ಮಲಗಿದವನಿಗೆ ಸುದ್ದಿ ಮುಟ್ಟುವುದಿಲ್ಲ, ಅಲ್ವಾ? ಗೋಡೆಯ ಮೇಲೆ ಪೇತ್ರ ಮುಂದಕ್ಕೆ ಬಾಗಿ ಅವನ ಕಿವಿಯ ಹತ್ತಿರ ಏನೋ ಕೇಳುತ್ತಿದ್ದಾನೆ. ಯೋಹಾನನ ಸುವಾರ್ತೆಯಲ್ಲಿ ಪೇತ್ರ ಸನ್ನೆ ಮಾಡಿ ‘ಯಾರಂತೆ, ಕೇಳು’ ಎನ್ನುವ ಗಳಿಗೆ ಬರುತ್ತದೆ, ಅದು ಇದು. ಮಲಗಿದ್ದವನನ್ನು ಎಬ್ಬಿಸಿದ್ದರಿಂದ ಚಿತ್ರದಲ್ಲಿ ಮಾತು ಓಡಾಡತೊಡಗಿತು.

ಎರಡನೇ ಹಾಳೆ ವೆನಿಸಿನ ಅಕಾಡೆಮಿಯಲ್ಲಿದೆ. ಕೆಂಪು ಚಾಕಿನದು. ಇದರಲ್ಲೂ ಯೂದ ಈಚೆಗೇ, ಯೋಹಾನ ಬಗ್ಗಿಕೊಂಡೇ. ಆಕೃತಿಗಳ ಜೊತೆಗೆ ಶಿಷ್ಯರ ಹೆಸರು ಬರೆದಿದೆ. ಕಾಗದದ ಅಗಲ ಸಾಲದೆ ಉಳಿದ ಕೆಲವರು ಕೆಳಗಿನ ಸಾಲಿಗೆ ಇಳಿದಿದ್ದಾರೆ. ಗೆರೆಗಳು ಗಡುಸು, ಮೇಲೆ ಮತ್ತೆ ತಿದ್ದಿದಂತಿವೆ. ಇದು ಪೂರ್ತಿ ಲಿಯೊನಾರ್ಡೊನ ಕೈಯೇ ಎಂಬ ಬಗ್ಗೆ ಪಂಡಿತರಲ್ಲಿ ಅನುಮಾನ ಇದ್ದೇ ಇದೆ. ಒಂದು ಸುಲಭದ ಪರೀಕ್ಷೆ ಹೇಳುತ್ತೇನೆ. ಲಿಯೊನಾರ್ಡೊ ಎಡಚ. ಎಡಗೈಯವರು ನೆರಳಿಗೆ ಓರೆಗೆರೆ ಎಳೆದರೆ ಅವು ಮೇಲೆ ಎಡದಿಂದ ಕೆಳಗೆ ಬಲಕ್ಕೆ ಇಳಿಯುತ್ತವೆ. ಬಲಗೈಯವರದು ಇದಕ್ಕೆ ತಿರುವುಮುರುವು. ಇದೊಂದರಿಂದಲೇ ತೀರ್ಪು ಕೊಡಬಾರದು, ನಕಲು ಮಾಡುವವರಿಗೂ ಈ ಗುಟ್ಟು ಗೊತ್ತಿರುತ್ತೆ. ಆದರೂ ಯಾವುದೇ ಹಾಳೆ ನೋಡುವಾಗ ಮೊದಲು ಓರೆಗೆರೆ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಮೂರನೆಯದು ನನಗೆ ತುಂಬ ಇಷ್ಟದ್ದು. ಅದರಲ್ಲಿ ಚಿತ್ರವೇ ಇಲ್ಲ, ಬರೀ ಬರಹ. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿ ಲಿಯೊನಾರ್ಡೊನ ಪುಟ್ಟ ನೋಟ್‌ಬುಕ್ಕುಗಳಿವೆ. ಅದರಲ್ಲೊಂದರಲ್ಲಿ ಮೇಜಿಗೆ ಕೂತವರು ಏನೇನು ಮಾಡುತ್ತಿದ್ದಾರೆ ಎಂದು ಪಟ್ಟಿ ಮಾಡಿಕೊಂಡಿದ್ದಾನೆ. ನನ್ನ ಮಾತಲ್ಲಿ ಹೇಳುತ್ತೇನೆ. ಒಬ್ಬ ಕುಡಿಯುತ್ತಿದ್ದವನು ಲೋಟ ಕೆಳಗಿಟ್ಟು ಮಾತಾಡುವವನ ಕಡೆ ತಿರುಗಿದ. ಇನ್ನೊಬ್ಬ ಬೆರಳುಗಳನ್ನು ಹೆಣೆದುಕೊಂಡು ಹುಬ್ಬು ಗಂಟಿಕ್ಕಿ ಪಕ್ಕದವನನ್ನು ನೋಡಿದ. ಮತ್ತೊಬ್ಬ ಎರಡೂ ಅಂಗೈ ತೆರೆದು, ಹೆಗಲನ್ನು ಕಿವಿಯ ತನಕ ಏರಿಸಿ, ಬಾಯಿ ಬಿಟ್ಟ. ಒಬ್ಬ ಪಕ್ಕದವನ ಕಿವಿಯಲ್ಲಿ ಪಿಸುಗುಟ್ಟುತ್ತಿದ್ದಾನೆ. ಕೇಳುವವನ ಒಂದು ಕೈಯಲ್ಲಿ ಚಾಕು, ಇನ್ನೊಂದರಲ್ಲಿ ಅರ್ಧ ಕೊಯ್ದ ರೊಟ್ಟಿ. ಚಾಕು ಹಿಡಿದು ತಿರುಗುವಾಗ ಇನ್ನೊಬ್ಬನ ಕೈ ತಾಗಿ ಮೇಜಿನ ಮೇಲಿನ ಲೋಟ ಉರುಳಿತು. ಒಬ್ಬ ಕಣ್ಣಿಗೆ ಕೈ ಮರೆ ಮಾಡಿ ನೋಡುತ್ತಿದ್ದಾನೆ.

ಗಮನಿಸಿ, ಒಂದು ಹೆಸರೂ ಇಲ್ಲ. ಬರೀ ‘ಒಬ್ಬ’, ‘ಇನ್ನೊಬ್ಬ’. ಧಾರ್ಮಿಕ ಚಿತ್ರಕ್ಕೆ ಟಿಪ್ಪಣಿ ಬರೆಯುವಾಗ ಅವನ ತಲೆಯಲ್ಲಿ ಇದ್ದದ್ದು ಸಂತರ ಲಕ್ಷಣಗಳಲ್ಲ, ಊಟಕ್ಕೆ ಕೂತ ಗಂಡಸರು ಆಘಾತದ ಮಾತು ಕೇಳಿದಾಗ ಏನು ಮಾಡುತ್ತಾರೆ ಎಂಬುದು. ಆಮೇಲೆ ಈ ಸನ್ನೆಗಳನ್ನು ಯಾರಿಗೆ ಕೊಡುವುದು ಎಂದು ಯೋಚಿಸಿದ್ದಾನೆ. ಅಂಗೈ ತೆರೆದು ಹೆಗಲೇರಿಸಿದವನು ಗೋಡೆಯ ಮೇಲೆ ಅಂದ್ರೆಯನಾದ. ಎಡದಿಂದ ಮೂರನೆಯ ಮುದುಕ ಅವನೇ. ಚಾಕು ಪೇತ್ರನಿಗೆ ಹೋಯಿತು. ಲೋಟ ಉರುಳುವುದು ಬಿಟ್ಟುಹೋಯಿತು. ಅದರ ಬದಲಿಗೆ ಯೂದನ ಮೊಳಕೈ ಹತ್ತಿರ ಉಪ್ಪಿನ ಬಟ್ಟಲು ಉರುಳಿದೆ. ಗೋಡೆಯಲ್ಲಿ ಇದು ಈಗ ಕಾಣುವುದೇ ಇಲ್ಲ. ಲಿಯೊನಾರ್ಡೊನ ಶಿಷ್ಯ ಜಂಪೆತ್ರಿನೊ ಮಾಡಿದ್ದೆನ್ನುವ ಹಳೆಯ ನಕಲಿನಲ್ಲಿ ಚೆನ್ನಾಗಿ ಕಾಣುತ್ತದೆ. ಕುಡಿಯುತ್ತಿದ್ದವನು, ಕಣ್ಣಿಗೆ ಕೈ ಮರೆ ಮಾಡಿದವನು ಕೊನೆಗೆ ಎಲ್ಲೂ ಇಲ್ಲ. ಚೆನ್ನಾಗಿಯೇ ಇದ್ದವು ಆ ಸನ್ನೆಗಳು, ಆದರೂ ಬಿಟ್ಟ. ಎಲ್ಲರೂ ಏನಾದರೊಂದು ಆಟ ತೋರಿಸಿದರೆ ಕ್ರಿಸ್ತನ ಮೌನ ಮುಳುಗಿಹೋಗುತ್ತೆ ಅನ್ನಿಸಿರಬೇಕು. ಇದು ನನ್ನ ಊಹೆ, ನೀವು ಒಪ್ಪಬೇಕಂತಿಲ್ಲ.

ಈಗ ಮುಖಗಳಿಗೆ ಬರೋಣ. ಕೆಂಪು ಚಾಕಿನಲ್ಲಿ ಬರೆಯುವುದನ್ನು ಗಂಭೀರವಾಗಿ ಹಿಡಿದ ಮೊದಲಿಗರಲ್ಲಿ ಲಿಯೊನಾರ್ಡೊ ಒಬ್ಬ. ಪೆನ್ನು ಹಿಡಿದಾಗ ಅವನ ಪ್ರಶ್ನೆ ‘ಯಾರು ಎಲ್ಲಿ’ ಎಂಬುದು. ಸನ್ನೆಗಳ ಪಟ್ಟಿಗೆ ಪದಗಳು ಸಾಕಾಗಿದ್ದವು. ಮುಖಕ್ಕೆ ಬಂದಾಗ ಮೃದುವಾದ ಚಾಕ್ ಬೇಕಾಯಿತು. ಯಾವ ಪ್ರಶ್ನೆಗೆ ಯಾವ ಸಾಧನ ಎತ್ತಿಕೊಂಡ ಎಂದು ನೋಡಿದರೆ ಆ ಹಾಳೆಯ ಕೆಲಸ ಏನು ಎಂಬುದು ಅರ್ಧ ತಿಳಿದಂತೆ.

ಇದು ಯಾಕೋಬ. ತರುಣ, ಉದ್ದ ಕೂದಲು, ತೆರೆದ ತುಟಿ, ಕೆಳಗೆ ನೋಡುವ ಕಣ್ಣು. ಗೋಡೆಯ ಮೇಲೆ ಎರಡೂ ತೋಳು ಚಾಚಿ ಬೆಚ್ಚಿಬಿದ್ದಿರುವವನು. ಅದೇ ಕಾಗದದ ಕೆಳಗಿನ ಎಡ ಮೂಲೆ ನೋಡಿ, ಪೆನ್ನಿನಲ್ಲಿ ಒಂದು ಕೋಟೆಯ ಮೂಲೆಗೋಪುರ ಬರೆದಿದ್ದಾನೆ. ಇದಕ್ಕೂ ಶಿಷ್ಯನಿಗೂ ಏನು ಸಂಬಂಧ? ಏನೂ ಇಲ್ಲ! ಅವನು ಸ್ಫೋರ್ಜಾನ ಆಸ್ಥಾನದಲ್ಲಿ ಎಂಜಿನಿಯರ್ ಕೆಲಸವನ್ನೂ ಮಾಡುತ್ತಿದ್ದ. ಕಾಗದದಲ್ಲಿ ಜಾಗ ಇತ್ತು, ಬರೆದ. ಮೂಲೆಯಲ್ಲಿರುವ ಪ್ರತಿಯೊಂದು ಗೆರೆಗೂ ಗೂಢಾರ್ಥ ಕಟ್ಟುವ ಚಟ ನಮ್ಮಲ್ಲಿ ಕೆಲವರಿಗಿದೆ. ಅದನ್ನು ಬಿಟ್ಟರೆ ಒಳ್ಳೆಯದು.

ಇದು ಯೂದ. ಕೆಂಪು ಬಳಿದ ಕಾಗದದ ಮೇಲೆ ಕೆಂಪು ಚಾಕ್. ಅಂಗೈಗಿಂತ ಸ್ವಲ್ಪ ದೊಡ್ಡದಷ್ಟೇ. ಇವನ ಬಗ್ಗೆ ಒಂದು ಕಥೆ ಇದೆ, ಇಟಲಿಯ ಕಲಾವಿದರ ಜೀವನಚರಿತ್ರೆ ಬರೆದ ವಸಾರಿ ಹೇಳಿದ್ದು. ಕೆಲಸ ಮುಗಿಯುತ್ತಿಲ್ಲ ಎಂದು ಮಠದ ಹಿರಿಯನೊಬ್ಬ ದೊರೆಗೆ ದೂರು ಕೊಟ್ಟನಂತೆ. ಯೂದನಿಗೆ ತಕ್ಕ ದುಷ್ಟ ಮುಖ ಸಿಕ್ಕಿಲ್ಲ, ಸಿಗದೇ ಇದ್ದರೆ ಈ ಹಿರಿಯನ ಮುಖವನ್ನೇ ಹಾಕುತ್ತೇನೆ ಎಂದು ಲಿಯೊನಾರ್ಡೊ ಹೇಳಿದನಂತೆ. ದೊರೆ ಬಿದ್ದು ಬಿದ್ದು ನಕ್ಕನಂತೆ. ಮಜಾ ಇದೆ ಕಥೆ. ಆದರೆ ಕಾಗದ ನೋಡಿ. ಇಲ್ಲಿ ರಾಕ್ಷಸ ಎಲ್ಲಿದ್ದಾನೆ? ವಯಸ್ಸಾದ, ಗಡ್ಡವಿಲ್ಲದ ಒಬ್ಬ ಗಂಡಸು. ಮುಖ ನಮ್ಮಿಂದ ಆಚೆಗೆ ತಿರುಗಿದೆ. ಬಾಗಿದ ಮೂಗು, ಬಿಗಿದ ಬಾಯಿ. ಲಿಯೊನಾರ್ಡೊ ತುಂಬ ಹೊತ್ತು ನಿಂತಿರುವುದು ಮುಖದ ಮೇಲೆ ಅಲ್ಲವೇ ಅಲ್ಲ, ಕತ್ತಿನ ಮೇಲೆ. ಕಿವಿಯ ಹಿಂದಿನಿಂದ ಎದೆಯ ಗುಳಿಯ ತನಕ ಇಳಿಯುವ ಸ್ನಾಯು ಹಗ್ಗದ ಹಾಗೆ ಎದ್ದು ನಿಂತಿದೆ. ಫಕ್ಕನೆ ತಲೆ ತಿರುಗಿಸಿದರೆ ಹಾಗಾಗುತ್ತೆ. ಈಗಲೇ ತಿರುಗಿಸಿ, ಕೈಯಿಟ್ಟು ನೋಡಿ, ಸಿಗುತ್ತದೆ. 1489ರಲ್ಲಿ ಇದೇ ಮನುಷ್ಯ ತಲೆಬುರುಡೆಯನ್ನು ಸೀಳಿ ಒಳಗಿನ ಟೊಳ್ಳುಗಳನ್ನೆಲ್ಲ ಬರೆದಿದ್ದ. ಯೂದನ ತಪ್ಪನ್ನು ಅವನು ಮುಖದ ಕುರೂಪದಲ್ಲಿ ಹುಡುಕಲಿಲ್ಲ, ಮಾತು ಕಿವಿಗೆ ಬಿದ್ದ ಕೂಡಲೇ ಮೈ ಏನು ಮಾಡಿತು ಎಂಬುದರಲ್ಲಿ ಹುಡುಕಿದ. ವಸಾರಿಯ ಕಥೆಗಿಂತ ಈ ಕತ್ತು ನನಗೆ ಹೆಚ್ಚು ನಂಬಿಕೆಯ ಸಾಕ್ಷಿ.

ಗೋಡೆಯಲ್ಲಿ ಯೂದನಿಗೆ ಗಡ್ಡ ಬಂದಿದೆ. ಕರಡಿನಲ್ಲಿ ಇಲ್ಲ. ಯಾಕೆ? ಗಡ್ಡ ಇದ್ದರೆ ಕತ್ತು, ದವಡೆ ಕಾಣುವುದಿಲ್ಲ. ಅಭ್ಯಾಸಕ್ಕೆ ಬೇಕಾಗಿದ್ದದ್ದು ಮೂಳೆ ಮತ್ತು ಸ್ನಾಯು. ಗಡ್ಡವನ್ನು ಆಮೇಲೆ ಅಂಟಿಸಬಹುದು.

ಇನ್ನೊಂದು ಮುಖ ಇದೆ, ಪಕ್ಕಕ್ಕೆ ತಿರುಗಿದ್ದು. ಬಾರ್ತೊಲೊಮಾಯ ಎನ್ನುತ್ತಾರೆ ಕೆಲವರು, ಮತ್ತಾಯ ಎನ್ನುತ್ತಾರೆ ಇನ್ನು ಕೆಲವರು. ಕಪ್ಪು ಚಾಕಿನಲ್ಲಿ ಫಿಲಿಪ್ಪನ ಮುಖ ಇದೆ, ಯೋಹಾನನದೆನ್ನುವ ಹೆಣೆದ ಕೈಗಳಿವೆ. ಇವುಗಳ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಆದರೆ ಈ ತೋಳನ್ನು ತೋರಿಸದೆ ಹೋಗಲಾರೆ.

ಬರೀ ಒಂದು ತೋಳು. ಕಪ್ಪು ಚಾಕಿನಲ್ಲಿ, ಬೆಳಕಿಗೆ ಬಿಳಿ ಹಚ್ಚಿದೆ. ಅಂಗಿಯ ತೋಳಿನ ಮಡಿಕೆಗಳು, ಹಿಂದಕ್ಕೆ ಮಡಚಿದ ಮೊಳಕೈ, ಸೊಂಟದ ಕಡೆ ಹೋದ ಕೈ. ಇಂಟರ್ನೆಟ್ಟಿನಲ್ಲಿ ನೀವು ಓದಿರಬಹುದು: ಕೊನೆಯ ಭೋಜನದಲ್ಲಿ ಯಾರಿಗೂ ಸೇರದ ಒಂದು ಕೈ ಇದೆ, ಅದರಲ್ಲಿ ಚಾಕು ಇದೆ, ಅದೊಂದು ದೊಡ್ಡ ಒಳಸಂಚು ಅಂತ. ಈ ಹಾಳೆ ನೋಡಿದ ಮೇಲೆ ಆ ಒಳಸಂಚು ಆವಿಯಾಗಿ ಹೋಗುತ್ತದೆ. ಅದು ಪೇತ್ರನ ಬಲಗೈ. ಯೂದನ ಬೆನ್ನ ಹಿಂದಿನಿಂದ ಮುಂದಕ್ಕೆ ಬಾಗಿದವನು ಚಾಕು ಹಿಡಿದ ಕೈಯನ್ನು ಹಿಂದಕ್ಕೆ ತಿರುಚಿಕೊಂಡಿದ್ದಾನೆ. ತೋಳು ಹೀಗೆ ಮಡಚಿದರೆ ಬಟ್ಟೆ ಹೇಗೆ ಬೀಳುತ್ತೆ ಎಂದು ತಿಳಿಯಲಿಕ್ಕೇ ಲಿಯೊನಾರ್ಡೊ ಈ ಹಾಳೆ ಬರೆದ. ಕಷ್ಟದ ಭಂಗಿ ಅಂತ ಅವನಿಗೂ ಗೊತ್ತಿತ್ತು. ಅದೇ ರಾತ್ರಿ ಕ್ರಿಸ್ತನನ್ನು ಹಿಡಿಯಲು ಬಂದವರಲ್ಲಿ ಒಬ್ಬನ ಕಿವಿಯನ್ನು ಪೇತ್ರ ಕತ್ತರಿಸುತ್ತಾನೆ ಎಂಬ ಬೈಬಲ್ ಕಥೆ ಗೊತ್ತಿದ್ದ ಸನ್ಯಾಸಿಗಳಿಗೆ ಆ ಚಾಕು ಯಾರದೆಂದು ಯಾರೂ ಹೇಳಬೇಕಿರಲಿಲ್ಲ.

ಒಂದು ಎಚ್ಚರಿಕೆ ಹೇಳಿ ಮಾತು ನಿಲ್ಲಿಸುತ್ತೇನೆ. ಪೆನ್ನಿನ ಹಾಳೆ, ಆಮೇಲೆ ವೆನಿಸಿನ ಹಾಳೆ, ಆಮೇಲೆ ಪಟ್ಟಿ, ಆಮೇಲೆ ಮುಖ, ಆಮೇಲೆ ಗೋಡೆ ಎಂದು ನಾನು ಮೆಟ್ಟಿಲು ಕಟ್ಟಿದ ಹಾಗೆ ಹೇಳಿದೆ. ಹೇಳಲು ಅನುಕೂಲ ಅಂತ ಅಷ್ಟೇ. ಈ ಯಾವ ಹಾಳೆಯ ಮೇಲೂ ಅವನು ತಾರೀಖು ಹಾಕಿಲ್ಲ. ಗೋಡೆಯಲ್ಲಿ ಕೆಲಸ ನಡೆಯುತ್ತಿರುವಾಗಲೇ ತೋಳಿನ ಹಾಳೆ ಬರೆದಿರಬಹುದು. ಗೋಡೆಯ ಚಿತ್ರ ಮೊದಲೇ ತಲೆಯಲ್ಲಿಟ್ಟುಕೊಂಡು ಕರಡು ನೋಡಿದರೆ ಪ್ರತಿ ಗೆರೆಯೂ ಅಲ್ಲಿಗೇ ಹೊರಟಂತೆ ಕಾಣುತ್ತದೆ. ವಿಂಡ್ಸರಿನ ಆ ಪೆನ್ನಿನ ಹಾಳೆ ಬರೆಯುವಾಗ ಯೂದ ಈಚೆಗೆ ಕೂರುವುದೇ ಸರಿ ಎಂದು ಲಿಯೊನಾರ್ಡೊ ನಂಬಿದ್ದ. ಗೋಡೆ ಅವನಿಗೆ ಇನ್ನೂ ಖಾಲಿ. ಆ ಹೊತ್ತಿನ ಅವನ ಪಕ್ಕದಲ್ಲಿ ನಿಂತು ನೋಡಬೇಕು.

ಪ್ರಶ್ನೆ: ಗೋಡೆಯ ಮೇಲಿರುವುದು ಹಿಡಿದುಕೊಡುವ ಮಾತಿನ ಗಳಿಗೆಯೋ, ರೊಟ್ಟಿ ಮತ್ತು ದ್ರಾಕ್ಷಾರಸ ಹಂಚುವ ಗಳಿಗೆಯೋ?

ಹಳೆಯ ಜಗಳ ಇದು. ಶಿಷ್ಯರ ಗಾಬರಿ ನೋಡಿದರೆ ಮೊದಲನೆಯದು. ಕ್ರಿಸ್ತನ ಕೈಗಳ ಹತ್ತಿರ ರೊಟ್ಟಿಯೂ ಲೋಟವೂ ಇರುವುದನ್ನು ನೋಡಿದರೆ ಎರಡನೆಯದು. ಕರಡುಗಳು ಮೊದಲನೆಯದರ ಪರವಾಗಿ ಸಾಕ್ಷಿ ಹೇಳುತ್ತವೆ, ಯಾಕೆಂದರೆ ವಿಂಡ್ಸರಿನ ಹಾಳೆಯಲ್ಲಿ ಬಟ್ಟಲಿಗೆ ಕೈ ಚಾಚುವುದೇ ಮುಖ್ಯ. ಆದರೆ ಕರಡಿನ ಉದ್ದೇಶವೇ ಗೋಡೆಯ ಉದ್ದೇಶ ಆಗಿರಬೇಕಂತಿಲ್ಲ. ಯೂದನನ್ನೇ ಎತ್ತಿ ಆಚೆ ಕೂರಿಸಿದವನು ಗಳಿಗೆಯನ್ನೂ ಹಿಗ್ಗಿಸಿರಬಹುದು. ನನಗೆ ಕೇಳಿದರೆ ಎರಡೂ ಇದೆ ಎನ್ನುತ್ತೇನೆ. ದಿನಾ ಅದರ ಕೆಳಗೆ ಕೂತು ರೊಟ್ಟಿ ಮುರಿಯುತ್ತಿದ್ದ ಸನ್ಯಾಸಿಗಳಿಗೆ ಎರಡನೆಯದು ಕಾಣದೇ ಇರಲು ಸಾಧ್ಯವಿರಲಿಲ್ಲ.

ಪ್ರಶ್ನೆ: ಹನ್ನೆರಡು ಶಿಷ್ಯರಲ್ಲಿ ಹಲವರ ಕರಡು ತೋರಿಸಿದಿರಿ. ಕ್ರಿಸ್ತನ ಮುಖದ ಕರಡು ಇಲ್ಲವೇ?

ಮಿಲಾನಿನ ಬ್ರೆರಾ ಚಿತ್ರಶಾಲೆಯಲ್ಲಿ ಒಂದು ಇದೆ, ಪುಸ್ತಕಗಳಲ್ಲಿ ತುಂಬ ಅಚ್ಚಾಗಿದೆ. ತಲೆ ಬಾಗಿಸಿದ, ಮೃದುವಾದ ಮುಖ. ನೋಡಲು ಚೆನ್ನಾಗಿದೆ. ಆದರೆ ಅದರ ಮೇಲೆ ಬೇರೆ ಕೈಗಳು ಎಷ್ಟು ಆಡಿವೆಯೆಂದರೆ, ಅದರಲ್ಲಿ ಲಿಯೊನಾರ್ಡೊನದು ಏನಾದರೂ ಉಳಿದಿದೆಯೇ ಎಂಬುದರ ಬಗ್ಗೆಯೇ ಒಮ್ಮತ ಇಲ್ಲ. ಅದಕ್ಕೇ ಇವತ್ತು ತರಲಿಲ್ಲ. ಅದಕ್ಕಿಂತ ನಂಬಬಹುದಾದದ್ದು ಆ ಪುಟ್ಟ ನೋಟ್‌ಬುಕ್ಕಿನಲ್ಲೇ ಇರುವ ಎರಡು ಸಾಲು. ಒಂದು ಕಡೆ ‘ಕ್ರಿಸ್ತ’ ಎಂದು ಬರೆದು, ಒಬ್ಬ ಕಾರ್ಡಿನಲ್ಲನ ಜೊತೆಗಿದ್ದ ಜೊವಾನ್ ಕೊಂತೆ ಎಂಬವನ ಹೆಸರು ಹಾಕಿದ್ದಾನೆ. ಇನ್ನೊಂದು ಕಡೆ, ಕ್ರಿಸ್ತನ ಕೈಗೆ ಪಾರ್ಮಾದ ಅಲೆಸ್ಸಾಂದ್ರೊ ಕರಿಸ್ಸಿಮೊ ಎಂದು ಬರೆದುಕೊಂಡಿದ್ದಾನೆ. ಅಂದರೆ ಒಬ್ಬನಿಂದ ಮುಖ, ಇನ್ನೊಬ್ಬನಿಂದ ಕೈ ತರುವ ಯೋಚನೆ ಇತ್ತು. ಆ ಮುಖವನ್ನು ಅವನು ಕೊನೆಗೂ ಪೂರ್ತಿ ಮಾಡದೆ ಬಿಟ್ಟ ಎಂದು ವಸಾರಿ ಬರೆಯುತ್ತಾನೆ. ಗೋಡೆಯ ಈಗಿನ ಸ್ಥಿತಿಯಲ್ಲಿ ಅದು ಬೇಕೆಂದೇ ಬಿಟ್ಟದ್ದೋ, ಬಣ್ಣ ಉದುರಿದ್ದೋ ಎಂದು ಬರಿಗಣ್ಣಿಗೆ ಹೇಳಲಾಗದು. ಮಿಲಾನಿಗೆ ಹೋಗುವವರು ಟಿಕೆಟ್ ಮೊದಲೇ ಮಾಡಿಸಿ. ಒಳಗೆ ಬಿಡುವುದು ಕಾಲು ಗಂಟೆಯಷ್ಟೇ. ಈ ಹಾಳೆಗಳ ಪ್ರಿಂಟ್ ಕೈಯಲ್ಲಿಟ್ಟುಕೊಂಡು ಹೋಗಿ, ಮೊದಲು ಯೂದನ ಎಡಗೈ ಹುಡುಕಿ.